ಆಲ್-ಟೆರೈನ್ ಟೈರ್ ಹಾಕಿಸಿದ ಮೇಲೆ ಪಿಕಪ್ ಒರಟಾಯಿತೇ? ದೋಷ ಹುಡುಕುವ ಕ್ರಮ

ಮಲೆನಾಡಿನ ತೋಟಗಳಲ್ಲಿ ಇಸುಝು ವಿ-ಕ್ರಾಸ್, ಟೊಯೊಟಾ ಹೈಲಕ್ಸ್‌ನಂತಹ ಪಿಕಪ್‌ಗಳು ಈಗ ಅಪರೂಪವಲ್ಲ. ಬೆಳಿಗ್ಗೆ ಗೊಬ್ಬರದ ಚೀಲ ಹೊರುವ ಗಾಡಿಯೇ ಸಂಜೆ ಮನೆಯವರನ್ನು ಕೂರಿಸಿಕೊಂಡು ಹಾಸನಕ್ಕೋ ಮಂಗಳೂರಿಗೋ ಹೊರಡುತ್ತದೆ. ಕಂಪನಿಯಿಂದ ಬಂದ ಟೈರ್ ಸವೆದಾಗ ಹೆಚ್ಚಿನ ಮಾಲೀಕರು ಆಲ್-ಟೆರೈನ್ ಟೈರ್ ಕಡೆಗೆ, ಅಂದರೆ ಡಾಂಬರು ಮತ್ತು ಮಣ್ಣಿನ ಹಾದಿ ಎರಡಕ್ಕೂ ಮಾಡಿದ ಟೈರ್ ಕಡೆಗೆ ತಿರುಗುತ್ತಾರೆ. ಅದಕ್ಕೆ ಸರಿಯಾದ ಕಾರಣವೂ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟದ ಏರುದಾರಿಯ ಕೆಂಪು ಮಣ್ಣಿನಲ್ಲಿ ಹೆದ್ದಾರಿಗೆಂದು ಮಾಡಿದ ಟೈರ್ ಹಿಡಿತ ಕೊಡುವುದಿಲ್ಲ.

ಹಾಕಿಸಿದ ಕೆಲವೇ ದಿನಗಳಲ್ಲಿ ದೂರುಗಳು ಶುರುವಾಗುತ್ತವೆ. ಗಾಡಿ ಪ್ರತಿ ಗುಂಡಿಗೂ ಎಗರುತ್ತದೆ, ಸ್ಟಿಯರಿಂಗ್ ನಡುಗುತ್ತದೆ, ಕಿವಿಯಲ್ಲಿ ಗುಂಯ್‌ಗುಡುತ್ತದೆ, ಮೈಲೇಜ್ ಇಳಿದಿದೆ. ಇವೆಲ್ಲವನ್ನೂ ಒಟ್ಟು ಸೇರಿಸಿ 'ಆಲ್-ಟೆರೈನ್ ಎಂದರೆ ಹೀಗೆಯೇ' ಎಂದು ಅಂಗಡಿಯವರೂ ಹೇಳುತ್ತಾರೆ, ಮಾಲೀಕರೂ ಒಪ್ಪಿಕೊಂಡು ಬಿಡುತ್ತಾರೆ. ಒಪ್ಪಿಕೊಳ್ಳಬೇಕಾಗಿಲ್ಲ. ಮೇಲೆ ಹೇಳಿದ ಒಂದೊಂದು ದೂರಿಗೂ ಬೇರೆ ಬೇರೆ ಮೂಲವಿದೆ. ಅವುಗಳಲ್ಲಿ ಹೆಚ್ಚಿನವು ಟೈರ್ ಬದಲಿಸದೆಯೇ ಸರಿಹೋಗುತ್ತವೆ. ಟೈರ್ ಕೊಳ್ಳುವಾಗ ಎಲ್ಲರ ಕಣ್ಣು ಬಟನ್ ಮೇಲೆ, ಅಂದರೆ ನೆಲಕ್ಕೆ ತಾಗುವ ಅಚ್ಚಿನ ಮೇಲೆ ಇರುತ್ತದೆ. ಆದರೆ ಕೂತವರ ಸುಖವನ್ನು ನಿರ್ಧರಿಸುವುದು ಮುಖ್ಯವಾಗಿ ಟೈರಿನ ಪಕ್ಕದ ಗೋಡೆ ಮತ್ತು ಅದರೊಳಗಿನ ಗಾಳಿ. ಹುಡುಕಾಟವನ್ನು ಅಲ್ಲಿಂದಲೇ ಆರಂಭಿಸಬೇಕು.

ಮೊದಲು ಲಕ್ಷಣವನ್ನು ಬೇರ್ಪಡಿಸಿಕೊಳ್ಳಿ

'ಗಾಡಿ ಸರಿಯಿಲ್ಲ' ಎಂದರೆ ಯಾವ ಮೆಕ್ಯಾನಿಕ್‌ಗೂ ಏನೂ ತಿಳಿಯುವುದಿಲ್ಲ. ನಿಮಗೆ ಪರಿಚಯವಿರುವ ಒಂದು ರಸ್ತೆಯನ್ನು ಆರಿಸಿಕೊಂಡು, ಗಾಡಿಯಲ್ಲಿ ಸಾಮಾನಿಲ್ಲದಾಗ ಒಮ್ಮೆ ಓಡಿಸಿ ಗಮನಿಸಿ. ಗುಂಡಿ, ಉಬ್ಬು, ಸೇತುವೆಯ ಜೋಡಣೆ ಬಂದಾಗ ಮಾತ್ರ ಹೊಡೆತ ಬೀಳುತ್ತದೆಯೇ? ನುಣುಪಾದ ರಸ್ತೆಯಲ್ಲಿಯೂ ನಡುಕ ಇದೆಯೇ? ಇದ್ದರೆ ಯಾವ ವೇಗದಲ್ಲಿ ಹುಟ್ಟಿ ಯಾವ ವೇಗದಲ್ಲಿ ನಿಲ್ಲುತ್ತದೆ? ಬ್ರೇಕ್ ಒತ್ತಿದಾಗ ಮಾತ್ರವೇ? ಕೈ ಸಡಿಲಿಸಿದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆಯೇ? ಸದ್ದು ರಸ್ತೆಯೊಂದಿಗೆ ಬದಲಾಗುತ್ತದೆಯೇ, ಆಕ್ಸಿಲರೇಟರ್‌ನೊಂದಿಗೆ ಬದಲಾಗುತ್ತದೆಯೇ?

ಹೊಡೆತ ಎಂದರೆ ಗಾಳಿ, ಟೈರ್ ಜಾತಿ, ಸಸ್ಪೆನ್ಷನ್ ಕಡೆಗೆ ನೋಡಬೇಕು. ನಡುಕ ಎಂದರೆ ಬ್ಯಾಲೆನ್ಸಿಂಗ್, ರಿಮ್, ಟೈರಿನ ಒಳಪದರ. ಎಳೆತ ಎಂದರೆ ಅಲೈನ್‌ಮೆಂಟ್ ಅಥವಾ ಒಂದು ನಿರ್ದಿಷ್ಟ ಟೈರ್. ಈ ವಿಂಗಡಣೆ ಮಾಡದೆ ಅಲೈನ್‌ಮೆಂಟ್ ಅಂಗಡಿಗೆ ಹೋದರೆ, ಒರಟುತನಕ್ಕೆ ಅಲೈನ್‌ಮೆಂಟ್ ಮಾಡಿಸಿಕೊಂಡು ಹಣ ಕೊಟ್ಟು ಹಾಗೆಯೇ ಹಿಂದಿರುಗುತ್ತೀರಿ.

ಪ್ರತಿ ಗುಂಡಿಗೂ ಎಗರುತ್ತದೆ: ಗಾಳಿಯ ಲೆಕ್ಕ

ಹೊಸ ಟೈರ್ ಹಾಕುವಾಗ ಅಂಗಡಿಯವರು ಎಷ್ಟು ಗಾಳಿ ತುಂಬಿದರು ಎಂದು ನೋಡಿದವರು ಕಡಿಮೆ. ನಾಲ್ಕಕ್ಕೂ 40, ಕೆಲವೊಮ್ಮೆ 45 ಪಿಎಸ್‌ಐ ತುಂಬಿ ಕಳುಹಿಸುವುದು ವಾಡಿಕೆ. ಟೈರಿನ ಮೇಲೆ ಅಚ್ಚಾಗಿರುವ ಸಂಖ್ಯೆಯನ್ನು ನೋಡಿ ತುಂಬುವವರೂ ಇದ್ದಾರೆ. ಆ ಸಂಖ್ಯೆ ಟೈರ್ ತಡೆದುಕೊಳ್ಳಬಲ್ಲ ಗರಿಷ್ಠ ಒತ್ತಡಕ್ಕೆ ಸಂಬಂಧಿಸಿದ್ದು. ನಿಮ್ಮ ಗಾಡಿಗೆ ಎಷ್ಟು ಬೇಕು ಎಂಬುದು ಅದರಲ್ಲಿ ಇಲ್ಲ. ಗಾಡಿಗೆ ಬೇಕಾದ ಅಳತೆ ಚಾಲಕನ ಬಾಗಿಲಿನ ಚೌಕಟ್ಟಿನ ಮೇಲೆ ಅಂಟಿಸಿದ ಚೀಟಿಯಲ್ಲಿ ಅಥವಾ ಮಾಲೀಕರ ಕೈಪಿಡಿಯಲ್ಲಿ ಇರುತ್ತದೆ. ಪಿಕಪ್‌ಗಳಲ್ಲಿ ಮುಂದೆ ಎಷ್ಟು, ಹಿಂದೆ ಎಷ್ಟು, ಕಡಿಮೆ ಲೋಡಿಗೆ ಎಷ್ಟು, ಪೂರ್ತಿ ಲೋಡಿಗೆ ಎಷ್ಟು ಎಂದು ಬೇರೆ ಬೇರೆಯಾಗಿ ಕೊಟ್ಟಿದ್ದರೆ ಆ ಸಾಲುಗಳನ್ನು ಗಮನವಿಟ್ಟು ಓದಿ. ಪೂರ್ತಿ ಲೋಡಿನ ಗಾಳಿಯನ್ನು ವರ್ಷವಿಡೀ ಹಿಂದಿನ ಟೈರ್‌ಗಳಲ್ಲಿ ಇಟ್ಟುಕೊಂಡು ಖಾಲಿ ಓಡಿಸುವುದೇ ಒರಟುತನದ ದೂರುಗಳಿಗೆ ಅತಿ ಸಾಮಾನ್ಯ ಕಾರಣ.

ಇದು ಏಕೆಂದು ತಿಳಿಯಲು ಒಂದು ತೂಕ ಮಾಡಿಸಿ ನೋಡಿ. ಕಾಫಿ ಕ್ಯೂರಿಂಗ್ ಇರುವ ಊರುಗಳಲ್ಲಿ ವೇಬ್ರಿಡ್ಜ್ ಹುಡುಕಲು ಕಷ್ಟವಿಲ್ಲ. ಮೊದಲು ಮುಂದಿನ ಎರಡು ಚಕ್ರಗಳನ್ನು ಮಾತ್ರ ತಟ್ಟೆಯ ಮೇಲೆ ನಿಲ್ಲಿಸಿ ತೂಕ ಬರೆದುಕೊಳ್ಳಿ, ಆಮೇಲೆ ಪೂರ್ತಿ ಗಾಡಿಯನ್ನು ನಿಲ್ಲಿಸಿ. ಪೂರ್ತಿ ತೂಕದಿಂದ ಮುಂದಿನದನ್ನು ಕಳೆದರೆ ಹಿಂದಿನ ಆಕ್ಸಲ್ ತೂಕ ಸಿಗುತ್ತದೆ. ಉದಾಹರಣೆಗೆ ಮುಂದೆ 1,120 ಕಿಲೊ, ಹಿಂದೆ 820 ಕಿಲೊ ಬಂದಿತೆನ್ನಿ. ಹಾಗಾದರೆ ಹಿಂದಿನ ಒಂದು ಟೈರ್ ಹೊರುತ್ತಿರುವುದು 410 ಕಿಲೊ. ಆ ಟೈರಿನ ಲೋಡ್ ಸೂಚ್ಯಂಕ (ಎಷ್ಟು ತೂಕ ಹೊರಬಲ್ಲದು ಎಂದು ಪಕ್ಕದಲ್ಲಿ ಅಚ್ಚಾಗಿರುವ ಸಂಕೇತ ಸಂಖ್ಯೆ) 107 ಆಗಿದ್ದರೆ ಅದು 975 ಕಿಲೊ ಹೊರಬಲ್ಲದು. ಅಂದರೆ ಖಾಲಿ ಗಾಡಿಯಲ್ಲಿ ಅದರ ಅರ್ಧ ಶಕ್ತಿಯೂ ಬಳಕೆಯಾಗುತ್ತಿಲ್ಲ. ಅಂತಹ ಟೈರ್‌ಗೆ ಪೂರ್ತಿ ಲೋಡಿನ ಗಾಳಿ ತುಂಬಿದರೆ ಪಕ್ಕದ ಗೋಡೆ ಮಡಿಯುವುದೇ ಇಲ್ಲ; ಟೈರ್ ಬಿಗಿದ ಚೆಂಡಿನಂತೆ ಪುಟಿಯುತ್ತದೆ, ಹಿಂದಿನ ಲೀಫ್ ಸ್ಪ್ರಿಂಗ್ ಹೇಗೂ ಲೋಡಿಗಾಗಿ ಗಟ್ಟಿಯಾಗಿ ಮಾಡಿದ್ದು, ಹೊಡೆತವೆಲ್ಲ ನೇರವಾಗಿ ಬೆನ್ನಿಗೆ ಬರುತ್ತದೆ.

ಗಾಳಿಯನ್ನು ಬೆಳಿಗ್ಗೆ ಗಾಡಿ ತಣ್ಣಗಿರುವಾಗಲೇ ನೋಡಬೇಕು. ಸುಮಾರು 5.5 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶಕ್ಕೆ 1 ಪಿಎಸ್‌ಐ ವ್ಯತ್ಯಾಸವಾಗುತ್ತದೆ. ಸಕಲೇಶಪುರದಲ್ಲಿ 18 ಡಿಗ್ರಿಯ ಬೆಳಗಿನಲ್ಲಿ ನೋಡಿಕೊಂಡ ಗಾಳಿ, ಘಾಟಿ ಇಳಿದು 33 ಡಿಗ್ರಿಯ ಮಂಗಳೂರು ತಲುಪಿದಾಗ ಹವೆಯ ಕಾರಣದಿಂದಲೇ ಹೆಚ್ಚುಕಡಿಮೆ 3 ಪಿಎಸ್‌ಐ ಏರಿರುತ್ತದೆ. ಓಟದ ಬಿಸಿ ಇನ್ನೂ ಒಂದಷ್ಟನ್ನು ಸೇರಿಸುತ್ತದೆ. ಬಿಸಿ ಟೈರಿನಲ್ಲಿ ಹೆಚ್ಚು ಕಂಡಿತೆಂದು ಗಾಳಿ ಹೊರಬಿಡಬೇಡಿ. ಮರುದಿನ ಬೆಳಿಗ್ಗೆ ಅದು ಕಡಿಮೆಯಾಗಿರುತ್ತದೆ.

ಸರಿಯಾದ ಗಾಳಿ ಕಂಡುಕೊಳ್ಳಲು ಎರಡು ಪರೀಕ್ಷೆಗಳಿವೆ. ಮೊದಲನೆಯದು ಸೀಮೆಸುಣ್ಣದ್ದು. ಟೈರಿನ ಅಗಲಕ್ಕೆ ದಪ್ಪನೆಯ ಗೆರೆ ಎಳೆದು ನೇರವಾದ ಒಣ ಡಾಂಬರು ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ ಇಳಿದು ನೋಡಿ. ನಡುವೆ ಮಾತ್ರ ಅಳಿಸಿದ್ದರೆ ಗಾಳಿ ಹೆಚ್ಚು, ಎರಡು ಅಂಚುಗಳಲ್ಲಿ ಮಾತ್ರ ಅಳಿಸಿದ್ದರೆ ಕಡಿಮೆ, ಗೆರೆ ಉದ್ದಕ್ಕೂ ಸಮನಾಗಿ ಅಳಿಸಿದ್ದರೆ ಸರಿ. ಎರಡನೆಯದು ಬಿಸಿಯ ಪರೀಕ್ಷೆ. ತಣ್ಣಗಿದ್ದಾಗ ಅಳೆದು, ಅರ್ಧ ಗಂಟೆ ಹೆದ್ದಾರಿ ವೇಗದಲ್ಲಿ ಓಡಿಸಿ ಮತ್ತೆ ಅಳೆಯಿರಿ. ಕಾರಿನ ಜಾತಿಯ ಟೈರಿನಲ್ಲಿ ಸುಮಾರು 4 ಪಿಎಸ್‌ಐ ಏರಿಕೆ ಹಿತವಾದದ್ದು. ಏರಿಕೆ ಅದಕ್ಕಿಂತ ಬಹಳ ಹೆಚ್ಚಾದರೆ ಟೈರ್ ಅತಿಯಾಗಿ ಮಡಿದು ಬಿಸಿಯಾಗುತ್ತಿದೆ, ಗಾಳಿ ಸಾಲದು. ಏರಿಕೆ ಒಂದೆರಡಕ್ಕೇ ನಿಂತರೆ ಟೈರ್ ಮಡಿಯುತ್ತಲೇ ಇಲ್ಲ, ಗಾಳಿ ಹೆಚ್ಚಾಗಿದೆ. ಎರಡು ಎರಡು ಪಿಎಸ್‌ಐನಂತೆ ಇಳಿಸುತ್ತಾ ನೋಡಿ. ಚೀಟಿಯಲ್ಲಿ ಕೊಟ್ಟ ಕನಿಷ್ಠಕ್ಕಿಂತ ಕೆಳಗೆ ಡಾಂಬರಿನ ಮೇಲೆ ಹೋಗಬೇಡಿ. ಸುಖಕ್ಕಾಗಿ ಗಾಳಿ ತೀರಾ ಇಳಿಸಿ ಹೆದ್ದಾರಿಯಲ್ಲಿ ಓಡಿದರೆ ಪಕ್ಕದ ಗೋಡೆ ಒಳಗಿನಿಂದ ಬೆಂದು ಟೈರ್ ಸಿಡಿಯಬಹುದು. ಇದರಲ್ಲಿ ರಾಜಿ ಇಲ್ಲ.

ಸಾರಜನಕ ತುಂಬಿಸಿದರೆ ಮೆತ್ತಗಾಗುತ್ತದೆ ಎಂದು ಹೇಳುವವರಿದ್ದಾರೆ. ಒತ್ತಡ ಒಂದೇ ಇದ್ದರೆ ಟೈರಿನ ಗಡಸುತನವೂ ಒಂದೇ. ಒಳಗಿರುವ ಅನಿಲ ಯಾವುದೆಂಬುದು ಬೆನ್ನಿಗೆ ತಿಳಿಯುವುದಿಲ್ಲ. ಆ ಹಣಕ್ಕೆ ಒಳ್ಳೆಯ ಗೇಜ್ ಒಂದನ್ನು ಕೊಂಡುಕೊಳ್ಳಿ.

ಗಾಳಿ ಸರಿಮಾಡಿದರೂ ಒರಟು: ಟೈರಿನ ಜಾತಿ ನೋಡಿ

ಈಗ ಬಗ್ಗಿ ಟೈರಿನ ಪಕ್ಕವನ್ನು ಓದಿ. ಒಂದೇ ಅಳತೆಯ, ಒಂದೇ ಬಗೆಯ ಬಟನ್ ಇರುವ ಎರಡು ಆಲ್-ಟೆರೈನ್ ಟೈರ್‌ಗಳು ಒಳಗೆ ಸಂಪೂರ್ಣ ಬೇರೆಯಾಗಿರಬಹುದು. ಒಂದರ ಮೇಲೆ '245/70 ಆರ್ 16 107 ಟಿ' ಎಂಬಂತೆ ಇರುತ್ತದೆ (245 ಎಂದರೆ ಮಿಲಿಮೀಟರ್‌ನಲ್ಲಿ ಅಗಲ, 70 ಎಂದರೆ ಪಕ್ಕದ ಗೋಡೆಯ ಎತ್ತರ ಅಗಲದ ಶೇ 70, 16 ಎಂದರೆ ಇಂಚಿನಲ್ಲಿ ರಿಮ್, 107 ಲೋಡ್ ಸೂಚ್ಯಂಕ, ಟಿ ವೇಗದ ಮಿತಿಯ ಗುರುತು). ಇನ್ನೊಂದರ ಮೇಲೆ 'ಎಲ್‌ಟಿ 245/70 ಆರ್ 16 113/110 ಎಸ್' ಎಂದಿರುತ್ತದೆ. ಮೊದಲನೆಯದು ಕಾರು ಮತ್ತು ಎಸ್‌ಯುವಿಗಳಿಗೆ ಮಾಡಿದ ಸಾಧಾರಣ ಲೋಡಿನ ಟೈರ್. ಎರಡನೆಯದು ಲೈಟ್ ಟ್ರಕ್ ಟೈರ್. ಎಲ್‌ಟಿ ಎಂಬ ಅಕ್ಷರಗಳು ಮಸಕಾಗಿದ್ದರೆ ಲೋಡ್ ಸೂಚ್ಯಂಕ ನೋಡಿ: ಓರೆಗೆರೆಯ ಎರಡೂ ಕಡೆ ಸಂಖ್ಯೆ ಇದ್ದರೆ, ಒಂಟಿ ಚಕ್ರಕ್ಕೊಂದು ಜೋಡಿ ಚಕ್ರಕ್ಕೊಂದು ಎಂದು ಕೊಟ್ಟಿರುವ ಟ್ರಕ್ ಜಾತಿಯ ಟೈರ್ ಅದು. ಹೆಚ್ಚುವರಿ ಲೋಡಿನ ಎಕ್ಸ್‌ಎಲ್ ಟೈರ್ ಇವೆರಡರ ನಡುವೆ ನಿಲ್ಲುತ್ತದೆ.

ಎಲ್‌ಟಿ ಟೈರಿನ ಪಕ್ಕದ ಗೋಡೆಯಲ್ಲಿ ಹೆಚ್ಚು ಬಲವಾದ ಪದರಗಳಿರುತ್ತವೆ. ಬಿಎಫ್‌ಗುಡ್‌ರಿಚ್ ಕೆಒ2 ಟೈರಿನ ಗೋಡೆಯಲ್ಲಿ ಮೂರು ಪದರಗಳಿವೆ. ಚೂಪು ಕಲ್ಲು, ಕಡಿದ ಕಾಫಿ ಗಿಡದ ಬುಡ ಪಕ್ಕಕ್ಕೆ ಉಜ್ಜಿದಾಗ ಇವು ಕಾಪಾಡುತ್ತವೆ. ಆದರೆ ಗಟ್ಟಿ ಗೋಡೆ ಚಿಕ್ಕಪುಟ್ಟ ಹೊಡೆತಗಳನ್ನು ಹೀರಿಕೊಳ್ಳುವುದಿಲ್ಲ. ಟೈರಿನ ತೂಕವೂ ಚಕ್ರಕ್ಕೆ ಕೆಲವು ಕಿಲೊ ಹೆಚ್ಚು. ಸ್ಪ್ರಿಂಗ್‌ನ ಕೆಳಗಿರುವ ತೂಕ ಹೆಚ್ಚಾದಷ್ಟೂ ಚಕ್ರವನ್ನು ನೆಲಕ್ಕೆ ಅಂಟಿಸಿಡುವುದು ಶಾಕ್ ಅಬ್ಸಾರ್ಬರ್‌ಗೆ ಕಷ್ಟವಾಗುತ್ತದೆ. ಇದರ ಜೊತೆಗೆ ಅದೇ ಭಾರ ಹೊರಲು ಎಲ್‌ಟಿ ಟೈರ್‌ಗೆ ಸಾಧಾರಣ ಟೈರಿಗಿಂತ ಹೆಚ್ಚು ಗಾಳಿ ಬೇಕು. ಹೀಗಾಗಿ ಚೀಟಿಯಲ್ಲಿರುವ ಅಳತೆಯನ್ನು ಎಲ್‌ಟಿಗೆ ಹಾಗೆಯೇ ಅನ್ವಯಿಸಿ ಪೂರ್ತಿ ಲೋಡ್ ಹೇರುವುದು ತಪ್ಪು. ಟೈರ್ ತಯಾರಕರು ಕೊಡುವ ಲೋಡ್ ಮತ್ತು ಗಾಳಿಯ ಪಟ್ಟಿಯನ್ನು ನೋಡಿ, ವೇಬ್ರಿಡ್ಜ್‌ನಲ್ಲಿ ಬಂದ ತೂಕಕ್ಕೆ ತಕ್ಕ ಗಾಳಿಯನ್ನು ಆರಿಸಬೇಕು. ಖಾಲಿ ಗಾಡಿಗೆ ಒಂದು ಅಳತೆ, ಲೋಡಿಗೆ ಇನ್ನೊಂದು ಅಳತೆ ಎಂದು ಬರೆದು ಡ್ಯಾಶ್‌ಬೋರ್ಡ್‌ನಲ್ಲಿ ಅಂಟಿಸಿಕೊಳ್ಳಿ.

ಈ ಹಂತದಲ್ಲಿ ಟೈರ್ ಎಲ್‌ಟಿ ಎಂದು ಗೊತ್ತಾದರೆ, ಗಾಳಿ ಸರಿಯಿದ್ದೂ ಉಳಿದಿರುವ ಒರಟುತನ ದೋಷವಲ್ಲ, ಆ ಟೈರಿನ ಸ್ವಭಾವ. ಶಾಕ್ ಅಬ್ಸಾರ್ಬರ್ ಬದಲಿಸಿ ಅದನ್ನು ಕಳೆಯಲು ಹೊರಟರೆ ಹಣ ಮಾತ್ರ ಕರಗುತ್ತದೆ.

ಸಸ್ಪೆನ್ಷನ್ ಪಾಲು ಎಷ್ಟು

ಟೈರ್ ಸಾಧಾರಣ ಜಾತಿಯದೇ, ಗಾಳಿಯೂ ಸರಿ, ಆದರೂ ಹಿಂಭಾಗ ಎಗರುತ್ತದೆ ಎಂದಾದರೆ ಗಾಡಿಯ ಕೆಳಗೆ ಹೋಗಿ. ಶಾಕ್ ಅಬ್ಸಾರ್ಬರ್ ಮೇಲೆ ಎಣ್ಣೆ ಒಸರಿ ಧೂಳು ಮೆತ್ತಿಕೊಂಡಿದೆಯೇ ನೋಡಿ. ಕೆಟ್ಟ ರಸ್ತೆಯಲ್ಲಿ ಓಡಿಸಿ ಬಂದ ತಕ್ಷಣ ಎರಡನ್ನೂ ಎಚ್ಚರದಿಂದ ಮುಟ್ಟಿ ಹೋಲಿಸಿ. ಕೆಲಸ ಮಾಡುವ ಶಾಕ್ ಬಿಸಿಯಾಗಿರುತ್ತದೆ. ಒಂದು ತಣ್ಣಗಿದ್ದರೆ ಅದು ಸತ್ತಿದೆ. ಮಳೆಗಾಲ ಮುಗಿದ ಮೇಲೆ ಲೀಫ್ ಸ್ಪ್ರಿಂಗ್‌ನ ಪ್ಲೇಟುಗಳ ನಡುವೆ ತುಕ್ಕು ಹಿಡಿದು ಅವು ಒಂದರ ಮೇಲೊಂದು ಜಾರದೆ ಬಿಗಿದುಕೊಳ್ಳುತ್ತವೆ. ಸ್ಪ್ರಿಂಗ್‌ನ ತುದಿಯನ್ನು ಚಾಸಿಗೆ ಜೋಡಿಸುವ ಶ್ಯಾಕಲ್‌ನ ಬುಷ್ ಒಣಗಿದ್ದರೂ ಇದೇ ಫಲ. ಹೆಚ್ಚು ಲೋಡ್ ಹೊರಲೆಂದು ಹಿಂದೆಂದೋ ಒಂದು ಪ್ಲೇಟ್ ಹೆಚ್ಚುವರಿಯಾಗಿ ಹಾಕಿಸಿದ್ದರೆ, ಖಾಲಿ ಓಟದ ಹೊಡೆತಕ್ಕೆ ಯಾವ ಟೈರೂ ಪರಿಹಾರವಲ್ಲ. ಹಳೆಯ ಟೈರಿನ ಮೆತ್ತನೆಯ ಗೋಡೆ ಈ ದೋಷಗಳನ್ನು ಮರೆಮಾಡಿರುತ್ತದೆ, ಹೊಸ ಟೈರ್ ಬಂದಾಗ ಅವು ಹೊರಬರುತ್ತವೆ.

ನುಣುಪು ರಸ್ತೆಯಲ್ಲಿಯೂ ನಡುಕ

ಮಳೆಗಾಲದಲ್ಲಿ ಈ ದೂರು ಬಂದರೆ ಮೊದಲು ಮಾಡಬೇಕಾದದ್ದು ರಿಮ್‌ನ ಒಳಭಾಗವನ್ನು ತೊಳೆಯುವುದು. ತೋಟದ ಮಣ್ಣು ಒಳಗಡೆ ಒಂದೇ ಕಡೆ ಮೆತ್ತಿ ಒಣಗಿದರೆ ಚಕ್ರ ಸಮತೋಲ ತಪ್ಪುತ್ತದೆ, ಹೆದ್ದಾರಿಗೆ ಬಂದ ಕೂಡಲೇ ಸ್ಟಿಯರಿಂಗ್ ಅದುರುತ್ತದೆ. ಹೊರಗಿನಿಂದ ನೋಡಿದರೆ ಚಕ್ರ ಸ್ವಚ್ಛವಾಗಿಯೇ ಕಾಣುತ್ತದೆ. ಆಳವಾದ ಬಟನ್ ಇರುವ ಟೈರ್ ಮಣ್ಣನ್ನು ಹೆಚ್ಚು ಎತ್ತಿ ಎಸೆಯುವುದರಿಂದ ಆಲ್-ಟೆರೈನ್ ಹಾಕಿದ ಗಾಡಿಗಳಲ್ಲಿ ಇದು ಹೆಚ್ಚು. ನೀರಿನ ಪೈಪನ್ನು ಚಕ್ರದ ಹಿಂಬದಿಗೆ ಹಿಡಿದು, ಗಾಡಿಯನ್ನು ಸ್ವಲ್ಪ ಸ್ವಲ್ಪ ಮುಂದಕ್ಕೆ ಸರಿಸುತ್ತಾ ಪೂರ್ತಿ ಸುತ್ತು ತೊಳೆಯಿರಿ.

ತೊಳೆದರೂ 70ರಿಂದ 100 ಕಿಲೊಮೀಟರ್ ವೇಗದ ನಡುವೆ ನಡುಕ ಹುಟ್ಟಿ, ಆ ವೇಗ ದಾಟಿದ ಮೇಲೆ ಕಡಿಮೆಯಾದರೆ ಅದು ಬ್ಯಾಲೆನ್ಸಿಂಗ್ ದೋಷ. ನಡುಕ ಸ್ಟಿಯರಿಂಗ್‌ನಲ್ಲಿ ಬಂದರೆ ಮುಂದಿನ ಚಕ್ರ, ಸೀಟಿನಲ್ಲಿ ಬಂದರೆ ಹಿಂದಿನ ಚಕ್ರ ಎಂದು ಹಿಡಿಯಬಹುದು. ಬ್ಯಾಲೆನ್ಸ್ ಮಾಡಿಸುವ ಮೊದಲು ಇನ್ನೊಂದನ್ನು ನೋಡಿ. ರಿಮ್‌ನ ಅಂಚಿನ ಹತ್ತಿರ ಟೈರಿನ ಮೇಲೆ ಸುತ್ತಲೂ ಒಂದು ತೆಳುವಾದ ಉಬ್ಬು ಗೆರೆ ಇರುತ್ತದೆ. ಆ ಗೆರೆಗೂ ರಿಮ್‌ಗೂ ನಡುವಿನ ಅಂತರ ಸುತ್ತಲೂ ಒಂದೇ ಇರಬೇಕು. ಒಂದು ಕಡೆ ಗೆರೆ ಒಳಗೆ ಹೂತಿದ್ದರೆ ಟೈರ್ ರಿಮ್‌ನಲ್ಲಿ ಸರಿಯಾಗಿ ಕೂತಿಲ್ಲ. ಗಟ್ಟಿ ಗೋಡೆಯ ಟೈರ್‌ಗಳಲ್ಲಿ ಇದು ಆಗುತ್ತಿರುತ್ತದೆ. ಗಾಳಿ ತೆಗೆದು, ಅಂಚಿಗೆ ಸೋಪಿನ ದ್ರಾವಣ ಹಚ್ಚಿ ಮತ್ತೆ ಕೂರಿಸಿದರೆ ಸರಿಹೋಗುತ್ತದೆ. ಹಾಗೆ ಕೂರಿಸದೆ ಎಷ್ಟು ಸೀಸದ ತುಂಡು ಅಂಟಿಸಿದರೂ ನಡುಕ ಹೋಗುವುದಿಲ್ಲ.

ಕಡಿಮೆ ವೇಗದಲ್ಲೇ, 20–40ರ ಒಳಗೆ, ಗಾಡಿ ಎಡಕ್ಕೂ ಬಲಕ್ಕೂ ತೂಗಾಡಿದರೆ ಅಥವಾ ಚಕ್ರ ಸುತ್ತಿದಷ್ಟೂ ಸಲ ದಡ್ ದಡ್ ಎಂದರೆ ತಡಮಾಡಬೇಡಿ. ರಿಮ್ ಬಾಗಿರಬಹುದು; ಅದಕ್ಕಿಂತ ಅಪಾಯದ್ದು ಟೈರಿನೊಳಗಿನ ಉಕ್ಕಿನ ಬೆಲ್ಟ್ ಬಿಟ್ಟುಕೊಂಡಿರುವುದು. ಗಾಡಿಯನ್ನು ಜಾಕ್ ಹಾಕಿ ಎತ್ತಿ, ಚಕ್ರ ತಿರುಗಿಸುತ್ತಾ ಟೈರಿನ ಮೇಲ್ಮೈ ಎಲ್ಲಿಯಾದರೂ ಉಬ್ಬಿ ಬರುತ್ತದೆಯೇ, ಪಕ್ಕಕ್ಕೆ ಓಲಾಡುತ್ತದೆಯೇ ನೋಡಿ. ಉಬ್ಬು ಕಂಡರೆ ಆ ಟೈರನ್ನು ಆಗಲೇ ಕಳಚಿ ಸ್ಟೆಪ್ನಿ ಹಾಕಿ. 'ಊರಿಗೆ ಹೋಗಿ ನೋಡೋಣ' ಎನ್ನುವ ಮಾತು ಇಲ್ಲಿ ಸಲ್ಲದು.

ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಟೈರನ್ನು ಬಿಟ್ಟು ಬ್ರೇಕ್ ಡಿಸ್ಕ್ ಕಡೆ ನೋಡಿ. ಟೈರ್ ಬದಲಿಸಿದ ಮರುದಿನದಿಂದಲೇ ಇದು ಶುರುವಾಗಿದ್ದರೆ, ಗಾಳಿಗನ್‌ನಿಂದ ನಟ್‌ಗಳನ್ನು ಅತಿಯಾಗಿ, ಅಸಮವಾಗಿ ಬಿಗಿದಿರುವ ಸಾಧ್ಯತೆ ಇದೆ. ಸಡಿಲಿಸಿ, ಎದುರುಬದುರಾಗಿ, ಬಿಗಿತ ಅಳೆಯುವ ಟಾರ್ಕ್ ಸ್ಪ್ಯಾನರ್‌ನಿಂದ ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿಸಿ.

ಒಂದು ಕಡೆಗೆ ಎಳೆತ

ಇದಕ್ಕೆ ಸರಳ ಪರೀಕ್ಷೆ ಇದೆ. ಮುಂದಿನ ಎರಡು ಚಕ್ರಗಳನ್ನು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಅದಲುಬದಲು ಮಾಡಿ. ಟೈರ್ ಒಂದೇ ದಿಕ್ಕಿಗೆ ತಿರುಗುವಂತೆ ಬಾಣದ ಗುರುತು ಇರುವಂಥದ್ದಾಗಿರಬಾರದು. ಎಳೆತವೂ ದಿಕ್ಕು ಬದಲಿಸಿದರೆ ದೋಷ ಟೈರಿನಲ್ಲೇ ಇದೆ. ಅದನ್ನು ಅಂಗಡಿಗೆ ತೋರಿಸಿ ಬದಲಿ ಕೇಳಬಹುದು. ಎಳೆತ ಇದ್ದ ಕಡೆಗೇ ಇದ್ದರೆ ಅಲೈನ್‌ಮೆಂಟ್, ಇಲ್ಲವೇ ಒಂದು ಕಡೆ ಹಿಡಿದುಕೊಂಡಿರುವ ಬ್ರೇಕ್. ಓಡಿಸಿ ಬಂದು ಎರಡೂ ರಿಮ್‌ಗಳ ಹತ್ತಿರ ಕೈ ತಂದು ನೋಡಿದರೆ ಯಾವುದು ಹೆಚ್ಚು ಬಿಸಿ ಎಂದು ತಿಳಿಯುತ್ತದೆ.

ತಿರುವಿನಲ್ಲಿ ಸ್ಟಿಯರಿಂಗ್ ಬಿಗಿದು ಗಾಡಿ ತಡವರಿಸಿದಂತೆ ಆದರೆ ಫೋರ್-ವೀಲ್ ಡ್ರೈವ್ ಸ್ವಿಚ್ ನೋಡಿ. ಈ ಪಿಕಪ್‌ಗಳಲ್ಲಿ ಒಣ ಡಾಂಬರಿನ ಮೇಲೆ 4-ಎಚ್ (ನಾಲ್ಕೂ ಚಕ್ರಗಳಿಗೆ ಶಕ್ತಿ ಕೊಡುವ ಸ್ಥಾನ) ಹಾಕಿ ಓಡಿಸಬಾರದು. ಹಿಂದೆ ಹೊಸ ಟೈರ್, ಮುಂದೆ ಸವೆದ ಟೈರ್ ಹಾಕಿಕೊಂಡವರು ತೋಟದ ಹಾದಿಯಲ್ಲಿಯೂ ಎಚ್ಚರದಿಂದಿರಬೇಕು. ನಾಲ್ಕೂ ಚಕ್ರಗಳ ಸುತ್ತಳತೆ ಬೇರೆ ಬೇರೆಯಾದರೆ ಫೋರ್-ವೀಲ್ ಹಾಕಿದಾಗ ಗೇರ್‌ಗಳ ಮೇಲೆ ಬಿಗಿತ ಏರುತ್ತಾ ಹೋಗುತ್ತದೆ.

ಸದ್ದು

ಆಲ್-ಟೆರೈನ್ ಟೈರ್ ಸ್ವಲ್ಪ ಸದ್ದು ಮಾಡುವುದು ಸಹಜ. ಆದರೆ ಎಲ್ಲ ಸದ್ದೂ ಟೈರಿನದಲ್ಲ. ಶಿರಾಡಿ ಘಾಟಿಯಂತೆ ಕಾಂಕ್ರೀಟ್ ಮತ್ತು ಡಾಂಬರು ಒಂದರ ಹಿಂದೊಂದು ಬರುವ ಕಡೆ ಕಿಟಕಿ ಇಳಿಸಿ ಕೇಳಿ. ಮೇಲ್ಮೈ ಬದಲಾದ ಕೂಡಲೇ ಸದ್ದು ಬದಲಾದರೆ ಅದು ಟೈರ್. ಎರಡರ ಮೇಲೂ ಒಂದೇ ರಾಗವಿದ್ದರೆ ಬೇರಿಂಗ್ ಅಥವಾ ಡಿಫರೆನ್ಷಿಯಲ್ (ಆಕ್ಸಲ್‌ನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರ್). ಅಗಲವಾದ ಖಾಲಿ ರಸ್ತೆಯಲ್ಲಿ ಮೆಲ್ಲಗೆ ಎಡಕ್ಕೂ ಬಲಕ್ಕೂ ವಾಲಿಸಿದಾಗ ಒಂದು ಕಡೆಗೆ ವಾಲಿದಾಗ ಮಾತ್ರ ಗುಂಯ್ ಹೆಚ್ಚಾದರೆ, ಭಾರ ಬೀಳುವ ಬದಿಯ ಚಕ್ರದ ಬೇರಿಂಗ್ ಸವೆದಿದೆ. ಆಕ್ಸಿಲರೇಟರ್ ಒತ್ತಿದಾಗ ಒಂದು ಸ್ವರ, ಬಿಟ್ಟಾಗ ಇನ್ನೊಂದು ಸ್ವರ ಬಂದರೆ ಡಿಫರೆನ್ಷಿಯಲ್ ತೋರಿಸಿ.

ಹೊಸದರಲ್ಲಿ ಸುಮ್ಮನಿದ್ದ ಟೈರ್ ಹತ್ತಾರು ಸಾವಿರ ಕಿಲೊಮೀಟರ್ ಆದ ಮೇಲೆ ಕೂಗತೊಡಗಿದರೆ, ಅಂಗೈಯನ್ನು ಬಟನ್‌ಗಳ ಮೇಲೆ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಸವರಿ. ಒಂದು ದಿಕ್ಕಿನಲ್ಲಿ ನಯ, ಇನ್ನೊಂದು ದಿಕ್ಕಿನಲ್ಲಿ ಗರಗಸ ತಾಕಿದಂತೆ ಅನಿಸಿದರೆ ಬಟನ್‌ಗಳು ಓರೆಯಾಗಿ ಸವೆದಿವೆ. ಟೈರ್‌ಗಳ ಸ್ಥಾನ ಬದಲಿಸದೆ ಓಡಿಸಿದ್ದು, ಅಲೈನ್‌ಮೆಂಟ್‌ನಲ್ಲಿ ಟೋ (ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ತಪ್ಪಿದ್ದು ಇದಕ್ಕೆ ಕಾರಣ. 8,000ದಿಂದ 10,000 ಕಿಲೊಮೀಟರ್‌ಗೊಮ್ಮೆ ಸ್ಥಾನ ಬದಲಿಸಿ, ಸ್ಟೆಪ್ನಿಯೂ ಅದೇ ಅಳತೆಯ ಅದೇ ಟೈರ್ ಆಗಿದ್ದರೆ ಅದನ್ನೂ ಸೇರಿಸಿಕೊಳ್ಳಿ. ಒಮ್ಮೆ ಓರೆಯಾಗಿ ಸವೆದದ್ದು ಬೇಗ ಸರಿಹೋಗುವುದಿಲ್ಲ. ಇನ್ನು ಟಿಕ್ ಟಿಕ್ ಎಂಬ ಸದ್ದಿಗೆ ಬಟನ್ ನಡುವೆ ಸಿಕ್ಕಿಕೊಂಡ ಜಲ್ಲಿಯೇ ಕಾರಣ. ಕಿತ್ತು ಹಾಕಿ, ಬಿಟ್ಟರೆ ಅದು ಒಳಕ್ಕೆ ಕೊರೆಯುತ್ತದೆ.

ಮೈಲೇಜ್ ಇಳಿಕೆ

ಸ್ವಲ್ಪ ಇಳಿಯುವುದು ನಿಜ, ಸ್ವಲ್ಪ ಲೆಕ್ಕದ ಆಟ. 245/70 ಆರ್ 16 ಟೈರಿನ ಎತ್ತರ ಸುಮಾರು 749 ಮಿಲಿಮೀಟರ್. ಅದರ ಬದಲು 265/70 ಆರ್ 16 ಹಾಕಿದರೆ 777 ಆಗುತ್ತದೆ, ಶೇ 3.7 ಹೆಚ್ಚು. ಸ್ಪೀಡೋಮೀಟರ್‌ಗೆ ಇದು ಗೊತ್ತಿಲ್ಲ. ಅದು 80 ತೋರಿಸುವಾಗ ಗಾಡಿ ಮೊದಲಿಗಿಂತ ವೇಗವಾಗಿ, 83ರ ಲೆಕ್ಕದಲ್ಲಿ ಓಡುತ್ತಿರುತ್ತದೆ. 100 ಕಿಲೊಮೀಟರ್ ಓಡಿದ್ದು 96 ಎಂದು ದಾಖಲಾಗುತ್ತದೆ. ಹಾಗಾಗಿ ಲೀಟರ್‌ಗೆ 12 ಕೊಟ್ಟ ಗಾಡಿ 11.6 ಕೊಟ್ಟಂತೆ ಕಾಣುತ್ತದೆ. ಇದನ್ನು ಕಳೆದ ಮೇಲೂ ದೊಡ್ಡ ಇಳಿಕೆ ಉಳಿದರೆ ಗಾಳಿ ಮತ್ತು ಅಲೈನ್‌ಮೆಂಟ್ ನೋಡಿ.

ಮುಂದಿನ ಸಲ ಕೊಳ್ಳುವಾಗ

ಹುಡುಕಾಟ ಮುಗಿದು, ಟೈರಿನ ಜಾತಿಯೇ ತಪ್ಪು ಎಂದು ಖಚಿತವಾದರೆ ಮಾತ್ರ ಹೊಸದರ ಮಾತು. ಆಗ ನಿಮ್ಮ ಓಟವನ್ನು ಇರುವಂತೆಯೇ ಬರೆದುಕೊಳ್ಳಿ. ಹೆಚ್ಚು ಭಾಗ ಡಾಂಬರು, ಗೇಟಿನಿಂದ ಮನೆಯವರೆಗೆ ಜಲ್ಲಿ ಹಾಕಿದ ದಾರಿ ಎಂದಾದರೆ ಒಳ್ಳೆಯ ಹೈವೇ ಟೈರೇ ಸಾಕು, ಹೆಚ್ಚು ಸುಖವೂ ಹೌದು. ಮಳೆಗಾಲದಲ್ಲಿ ಕೆಸರಿನ ಏರು ಇದೆ, ಆದರೆ ಚೂಪು ಬಂಡೆಗಳಿಲ್ಲ, ಲೋಡು ಆಗೊಮ್ಮೆ ಈಗೊಮ್ಮೆ ಎಂದಾದರೆ ಸಾಧಾರಣ ಅಥವಾ ಎಕ್ಸ್‌ಎಲ್ ಲೋಡಿನ ಆಲ್-ಟೆರೈನ್ ಕೇಳಿ. ನನ್ನ ಮಟ್ಟಿಗೆ, ಮನೆ ಮತ್ತು ತೋಟ ಎರಡಕ್ಕೂ ಬಳಸುವ ಹೆಚ್ಚಿನ ಪಿಕಪ್‌ಗಳಿಗೆ ಸರಿಯಾದ ಉತ್ತರ ಇದೇ. ಪ್ರತಿದಿನ ಪೂರ್ತಿ ಲೋಡು, ಬಂಡೆಗಲ್ಲಿನ ಹಾದಿ ಇದ್ದರೆ ಎಲ್‌ಟಿ ತೆಗೆದುಕೊಳ್ಳಿ, ಒರಟುತನವನ್ನು ಒಪ್ಪಿಕೊಂಡೇ ತೆಗೆದುಕೊಳ್ಳಿ. ಯೊಕೊಹಾಮಾ ಜಿಯೊಲ್ಯಾಂಡರ್ ಎ/ಟಿ ಜಿ015ನಂತಹ ಕೆಲವು ಟೈರ್‌ಗಳು ಅಳತೆಗೆ ತಕ್ಕಂತೆ ಎರಡೂ ಜಾತಿಯಲ್ಲಿ ಬರುತ್ತವೆ. ಹೆಸರು ಹೇಳಿ ಕೊಂಡರೆ ಸಾಲದು, ಪಕ್ಕದ ಬರಹ ಓದಿಯೇ ಹಣ ಕೊಡಬೇಕು. ಯಾವ ಜಾತಿಯಾದರೂ ಲೋಡ್ ಸೂಚ್ಯಂಕ ಗಾಡಿಯ ಚೀಟಿಯಲ್ಲಿ ಇರುವುದಕ್ಕಿಂತ ಕಡಿಮೆ ಇರಕೂಡದು.

ಗೋಡೆಯ ಎತ್ತರವನ್ನೂ ಲೆಕ್ಕ ಹಾಕಿ. 255/60 ಆರ್ 18, 255/65 ಆರ್ 17, 255/70 ಆರ್ 16, ಈ ಮೂರೂ ಟೈರ್‌ಗಳ ಒಟ್ಟು ಎತ್ತರ 763 ಮಿಲಿಮೀಟರ್. ಆದರೆ 18 ಇಂಚಿನದರಲ್ಲಿ ಪಕ್ಕದ ಗೋಡೆ 153 ಮಿಲಿಮೀಟರ್, 17ರಲ್ಲಿ ಸುಮಾರು 166, 16ರಲ್ಲಿ ಸುಮಾರು 178. ಸ್ಪೀಡೋಮೀಟರ್ ಕೆಡದಂತೆ 25 ಮಿಲಿಮೀಟರ್ ಹೆಚ್ಚುವರಿ ರಬ್ಬರ್ ಮತ್ತು ಗಾಳಿ ನಿಮ್ಮ ಬೆನ್ನಿಗೂ ಗುಂಡಿಗೂ ನಡುವೆ ಬರುತ್ತದೆ. ದೊಡ್ಡ ರಿಮ್ ನೋಡಲು ಚೆನ್ನ. ಸುಖ ಇರುವುದು ಚಿಕ್ಕ ರಿಮ್‌ನಲ್ಲಿ. ಆದರೆ ಚಿಕ್ಕ ರಿಮ್ ಬ್ರೇಕ್ ಕ್ಯಾಲಿಪರ್‌ಗೆ ತಾಗಬಾರದು, ಅದರ ಆಫ್‌ಸೆಟ್ (ಚಕ್ರ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಎಂಬ ಅಳತೆ) ಗಾಡಿಗೆ ಹೊಂದಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರು ನಿಗದಿಪಡಿಸಿದ ವಿವರಗಳಿಂದ ದೂರ ಹೋಗುವ ಬದಲಾವಣೆಗೆ ಅವಕಾಶ ಕೊಡುವುದಿಲ್ಲ. ಆದ್ದರಿಂದ ನಿಮ್ಮದೇ ಮಾದರಿಗೆ ಕಂಪನಿ ಅನುಮತಿಸಿದ ಅಳತೆಗಳೊಳಗೆ ಆಯ್ಕೆ ಮಾಡಿ.

ಬಟನ್ ವಿಷಯಕ್ಕೆ ಬಂದರೆ, ನಡುವಿನ ಬಟನ್‌ಗಳು ಹತ್ತಿರ ಹತ್ತಿರ ಕೂಡಿಕೊಂಡಿದ್ದು ಅಂಚಿನಲ್ಲಿ ಮಾತ್ರ ಅಂತರ ಬಿಟ್ಟಿರುವ ಟೈರ್ ಕಡಿಮೆ ಸದ್ದು ಮಾಡುತ್ತದೆ. ಬಟನ್‌ಗಳ ಗಾತ್ರ ಸುತ್ತಲೂ ಒಂದೇ ಆಗಿರದೆ ಬೇರೆ ಬೇರೆಯಾಗಿದ್ದರೆ ಒಂದೇ ಸ್ವರದ ಕೂಗು ಹುಟ್ಟುವುದಿಲ್ಲ. ಬಟನ್ ಮೇಲೆ ಸಣ್ಣ ಸೀಳುಗಳು ಹೆಚ್ಚಿದ್ದಷ್ಟೂ ಒದ್ದೆ ಡಾಂಬರಿನಲ್ಲಿ ಹಿಡಿತ ಒಳ್ಳೆಯದು. ನಮ್ಮ ಕಡೆಯ ಮಳೆಗೆ ಇದು ಕೆಸರಿನ ಹಿಡಿತದಷ್ಟೇ ಮುಖ್ಯ.

ತಯಾರಾದ ದಿನ ನೋಡದೆ ಹೊರಡಬೇಡಿ. ಟೈರಿನ ಪಕ್ಕದಲ್ಲಿ ಡಾಟ್ (DOT) ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳು ವಾರ ಮತ್ತು ವರ್ಷವನ್ನು ಹೇಳುತ್ತವೆ. 2324 ಎಂದರೆ 2024ರ 23ನೇ ವಾರ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರ್‌ಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಆಮದಾದ ಟೈರ್ ಕಡಿಮೆ ಬೆಲೆಗೆ ಸಿಗುತ್ತಿದೆ ಎಂದರೆ ಈ ಅಂಕಿಗಳನ್ನು ಎರಡು ಸಲ ಓದಿ, ಐಎಸ್‌ಐ ಗುರುತು ಇದೆಯೇ ನೋಡಿ. ಗೋದಾಮಿನಲ್ಲಿ ವರ್ಷಗಟ್ಟಲೆ ಕುಳಿತ ರಬ್ಬರ್ ಗಡುಸಾಗಿರುತ್ತದೆ, ಸುಖಕ್ಕೂ ಹಿಡಿತಕ್ಕೂ ಅದು ಒಳ್ಳೆಯದಲ್ಲ.

ಟೈರ್ ಹಾಕಿಸಿದ ದಿನ ಅಂಗಡಿಯಿಂದ ಹೊರಡುವ ಮೊದಲು ನೀವೇ ಗೇಜ್ ಹಿಡಿದು ಗಾಳಿ ನೋಡಿ, ರಿಮ್ ಅಂಚಿನ ಗೆರೆ ನೋಡಿ, ಅಲೈನ್‌ಮೆಂಟ್‌ನ ಮುದ್ರಿತ ಹಾಳೆಯನ್ನು ಬಿಲ್ ಜೊತೆ ಇಟ್ಟುಕೊಳ್ಳಿ. ತಯಾರಿಕಾ ದೋಷವೆಂದು ಮುಂದೆ ಬದಲಿ ಕೇಳುವಾಗ ಅಸಮ ಸವೆತದ ನೆಪ ಹೇಳಿ ತಿರಸ್ಕರಿಸದಂತೆ ಆ ಹಾಳೆ ನಿಮ್ಮ ಕಡೆ ನಿಲ್ಲುತ್ತದೆ. ಮೊದಲ ಕೆಲವು ನೂರು ಕಿಲೊಮೀಟರ್ ಮೆಲ್ಲಗೆ ಓಡಿಸಿ. ಅಚ್ಚಿನಿಂದ ಬಂದ ಜಿಡ್ಡು ಮೇಲ್ಮೈಯಲ್ಲಿ ಇರುವವರೆಗೆ ಒದ್ದೆ ರಸ್ತೆಯಲ್ಲಿ ಹಿಡಿತ ಪೂರ್ತಿ ಬರುವುದಿಲ್ಲ. 100 ಕಿಲೊಮೀಟರ್ ಆದಾಗ ನಟ್‌ಗಳನ್ನು ಇನ್ನೊಮ್ಮೆ ಟಾರ್ಕ್ ಸ್ಪ್ಯಾನರ್‌ನಿಂದ ಪರೀಕ್ಷಿಸಿ, ಮರುದಿನ ಬೆಳಿಗ್ಗೆ ಗಾಳಿಯನ್ನು ತಣ್ಣಗೆ ಅಳೆದು ನಿಮ್ಮ ಖಾಲಿ ಗಾಡಿಯ ಅಂಕಿಗೆ ತನ್ನಿ.